ಆಟಿಯ ಮಳೆಯಲ್ಲಿ ಒಣಗದ ಲಂಗೋಟಿ

ಪ್ರಶ್ನೆ: ನಮ್ಮದು ಉಡುಪಿಯ ಸಂತೆಕಟ್ಟೆ. ಮಗಳಿಗೆ ಐದು ತಿಂಗಳು. ಕಸ ಹೆಚ್ಚಿಸಬಾರದೆಂದು ಹೆರಿಗೆಗೆ ಮೊದಲೇ ಬಟ್ಟೆಯ ಡಯಾಪರ್ ತರಿಸಿಕೊಂಡು, ಫೇಸ್‌ಬುಕ್‌ನಲ್ಲಿ ತಾಯಂದಿರ ಗುಂಪೊಂದನ್ನು ಸೇರಿದೆ. ಬೇಸಿಗೆ ಸುಖವಾಗಿ ಕಳೆಯಿತು. ಮಳೆ ಹಿಡಿದ ಮೇಲೆ ಯಾವುದೂ ಒಣಗುತ್ತಿಲ್ಲ, ಮುಗ್ಗಲು ವಾಸನೆ, ಜೊತೆಗೆ ಸೋರುವುದು ಬೇರೆ. ರಾತ್ರಿ ಕದ್ದು ಅಂಗಡಿಯ ಡಯಾಪರ್ ಹಾಕುತ್ತಿದ್ದೇನೆ. ಗುಂಪಿನಲ್ಲಿ ಒಬ್ಬಾಕೆ ಹೀಗೆಯೇ ಹೇಳಿಕೊಂಡಾಗ ‘ಸೋಮಾರಿತನ’ ಎಂದಿದ್ದರು, ಹಾಗಾಗಿ ಅಲ್ಲಿ ಬಾಯಿ ಬಿಡಲು ಭಯ. ಅತ್ತೆ ‘ಈ ಕಾಲದಲ್ಲಿ ಇದೆಲ್ಲ ಯಾರು ಒಗೆಯುತ್ತಾರೆ’ ಎಂದು ಮುಖ ತಿರುಗಿಸುತ್ತಾರೆ. ಗಂಡ ಇಬ್ಬರಿಗೂ ಹೂಂಗುಟ್ಟುತ್ತಾರೆ. ಮುಂದಿನ ತಿಂಗಳು ಮಣಿಪಾಲದಲ್ಲಿ ಕೆಲಸಕ್ಕೆ ಮರಳಬೇಕು. ನಾನು ಸೋತೆನೇ?

ಉತ್ತರ: ನಿಮ್ಮ ಪತ್ರದಲ್ಲಿ ‘ಕದ್ದು’ ಎಂಬ ಮಾತು ಓದಿ ಮನಸ್ಸಿಗೆ ಕಷ್ಟವಾಯಿತು. ನಿಮ್ಮದೇ ಮಗು, ನಿಮ್ಮದೇ ಮನೆ, ಯಾರಿಂದ ಕದ್ದಿರಿ? ಹಗಲು ಆರು ಬಾರಿ ಬಟ್ಟೆ, ರಾತ್ರಿ ಒಂದು ಅಂಗಡಿಯದ್ದು ಎಂದಿಟ್ಟುಕೊಳ್ಳಿ. ತಿಂಗಳಿಗೆ 180 ಪ್ಲಾಸ್ಟಿಕ್ ಡಯಾಪರ್ ತೊಟ್ಟಿಗೆ ಬೀಳಲಿಲ್ಲ, 30 ಬಿದ್ದವು. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜರಿದು ಮಂದಾರ ಎಂಬಲ್ಲಿನ ಮನೆ, ತೋಟಗಳ ಮೇಲೆ ನುಗ್ಗಿದ್ದನ್ನು ಕಂಡ ಜಿಲ್ಲೆಗಳವರು ನಾವು. ಆ 180ರ ಬೆಲೆ ನನಗೆ ಗೊತ್ತು. ಉಳಿದ 30ನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಟ್ಟರೆ ಸಾಕು, ಅದಕ್ಕಾಗಿ ನಿದ್ದೆಗೆಡಬೇಡಿ.

ಗುಂಪಿನ ವಿಷಯಕ್ಕೆ ಬರುತ್ತೇನೆ. ಸಾವಿರಾರು ಸದಸ್ಯರಿರುವಲ್ಲಿ ಸಲಹೆ ಬೇಕಾದಷ್ಟು ಸಿಗುತ್ತದೆ. ಆದರೆ ಒಣ ಹವೆಯ ಊರಿನ ತಾಯಿ ‘ಮಧ್ಯಾಹ್ನದೊಳಗೆ ಒಣಗಿತು’ ಎಂದು ಬರೆದದ್ದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಕರಾವಳಿಯಲ್ಲಿ ಕುಳಿತು ಓದಿದರೆ ತಪ್ಪು ನಿಮ್ಮದೇ ಎನಿಸುತ್ತದೆ. ನಿಮಗೆ ಬೇಕಾದವರು ಇದೇ ಮಳೆಯಲ್ಲಿ ಮಗು ಸಾಕುತ್ತಿರುವ ಮೂರೋ ನಾಲ್ಕೋ ಮಂದಿ. ಕುಂದಾಪುರ, ಸುರತ್ಕಲ್, ಪುತ್ತೂರು, ಕಾಸರಗೋಡು, ಎಲ್ಲಿದ್ದರೂ ಸರಿ. ಗುಂಪಿನಲ್ಲಿ ಊರಿನ ಹೆಸರು ಹಾಕಿ ಹುಡುಕಿ. ಅವರೊಂದಿಗೆ ಪುಟ್ಟದೊಂದು ವಾಟ್ಸ್‌ಆ್ಯಪ್ ಬಳಗ ಮಾಡಿಕೊಳ್ಳಿ. ಮಗು ಬೆಳೆದು ಚಿಕ್ಕದಾದ ಡಯಾಪರ್‌ಗಳು ಕೈಯಿಂದ ಕೈಗೆ ಹೋಗುವುದೂ ಇಂಥಲ್ಲಿಯೇ. ಪ್ರತಿ ಪ್ರಶ್ನೆಗೂ ‘ಇದನ್ನು ಕೊಂಡುಕೊಳ್ಳಿ’ ಎಂದೇ ಉತ್ತರಿಸುವವರಿಂದ ದೂರವಿರಿ. ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ: ಡಯಾಪರ್ ಕಟ್ಟಿದಲ್ಲಿ ಚರ್ಮ ಕೆಂಪೆದ್ದ ಗಂದೆ ತೋರಿಸಲೆಂದು ಮಗುವಿನ ಬೆತ್ತಲೆ ಚಿತ್ರವನ್ನು ಯಾವ ಗುಂಪಿಗೂ ಹಾಕಬೇಡಿ. ಗಂದೆ ಎರಡು ಮೂರು ದಿನದಲ್ಲಿ ಇಳಿಯದಿದ್ದರೆ, ಕೆಂಪು ಕಲೆಯ ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದರೆ, ಅದು ಮಕ್ಕಳ ವೈದ್ಯರು ನೋಡಬೇಕಾದದ್ದು.

ಸೋರುವುದಕ್ಕೆ ಕಾರಣ ನಿಮ್ಮ ಬಚ್ಚಲುಮನೆಯಲ್ಲೇ ಇರಬಹುದು. ನಮ್ಮಲ್ಲಿ ಮಗುವಿಗೆ ತೆಂಗಿನೆಣ್ಣೆ ಹಚ್ಚದೆ ಸ್ನಾನವಿಲ್ಲ. ಸೊಂಟದ ಸಂದಿಯಲ್ಲಿ ಉಳಿದ ಎಣ್ಣೆ ಇನ್ಸರ್ಟ್‌ಗೆ, ಅಂದರೆ ಡಯಾಪರಿನೊಳಗೆ ಇಡುವ ಹೀರುವ ಪಟ್ಟಿಗೆ ಇಳಿದು, ದಿನದಿಂದ ದಿನಕ್ಕೆ ಪದರ ಕಟ್ಟುತ್ತದೆ. ಒಣಗಿದ ಇನ್ಸರ್ಟ್ ಒಂದನ್ನು ಮೇಜಿನ ಮೇಲೆ ಹರವಿ, ಬೆರಳ ತುದಿಯಿಂದ ಒಂದು ಹನಿ ನೀರು ಬಿಡಿ. ಹೀರಿಕೊಳ್ಳದೆ ಕೆಸುವಿನೆಲೆಯ ಮೇಲಿನಂತೆ ಉರುಟಾಗಿ ನಿಂತರೆ ಬಹುಮಟ್ಟಿಗೆ ಎಣ್ಣೆಯದ್ದೇ ಕೆಲಸ. ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪಿನ ಒಂದೆರಡು ಹನಿ ಹಾಕಿ ಉಜ್ಜಿ, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ. ಬಟ್ಟೆ ಮೆದುವಾಗಿಸುವ ದ್ರಾವಣವೂ ಹೀಗೆಯೇ ಪದರ ಕಟ್ಟುತ್ತದೆ, ಅದನ್ನು ಬಿಟ್ಟುಬಿಡಿ.

ಒಣಗಿಸುವ ಕಷ್ಟಕ್ಕೆ ಹೊರ ಕವರ್ ಹೆಚ್ಚು ಕೊಂಡು ಪ್ರಯೋಜನವಿಲ್ಲ. ಅದು ಬೇಗ ಒಣಗುತ್ತದೆ, ಕೊಳೆಯಾಗದಿದ್ದರೆ ಒರೆಸಿ ಮತ್ತೊಮ್ಮೆ ಬಳಸಲೂಬಹುದು. ನೀರು ಹಿಡಿದುಕೊಂಡು ಸತಾಯಿಸುವುದು ಬಿದಿರು, ಸೆಣಬಿನ ನೂಲಿನ ದಪ್ಪ ಇನ್ಸರ್ಟ್. ಮಳೆ ನಿಲ್ಲುವವರೆಗೆ ಅವನ್ನು ಕಪಾಟಿನಲ್ಲಿಡಿ. ಮೈಕ್ರೋಫೈಬರ್ ಬೇಗ ಒಣಗುತ್ತದೆ, ಆದರೆ ಮಗುವಿನ ಚರ್ಮಕ್ಕೆ ನೇರವಾಗಿ ತಾಗಬಾರದು, ಡಯಾಪರಿನ ಜೇಬಿನೊಳಗೇ ಇರಬೇಕು. ಎಲ್ಲಕ್ಕಿಂತ ಬೇಗ ಒಣಗುವುದು ಒಂಟಿ ಪದರದ ಹತ್ತಿ ಬಟ್ಟೆ, ಅಂದರೆ ನಮ್ಮ ಹಳೆಯ ಪಂಚೆಯ ತುಂಡು.

ಪಂಚೆ ಎಂದ ಕೂಡಲೇ ನಿಮ್ಮ ಅತ್ತೆ ನೆನಪಾಗುತ್ತಾರೆ. ಅವರ ಸಿಟ್ಟು ನಿಮ್ಮ ಮೇಲಿನದ್ದು ಎಂದು ನನಗೆ ಅನಿಸುವುದಿಲ್ಲ. ನನ್ನ ತಾಯಿ ನಾಲ್ಕು ಮಕ್ಕಳ ಬಟ್ಟೆಯನ್ನು ಬಾವಿಕಟ್ಟೆಯ ಕಲ್ಲಿನ ಮೇಲೆ ಒಗೆದವರು. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ಹೊತ್ತಿನಲ್ಲಿ, ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಂದೊಂದೇ ತುಂಡನ್ನು ತಿರುವಿ ತಿರುವಿ ಹೊಗೆಗೆ ಒಣಗಿಸುತ್ತಿದ್ದರು. ಅವರ ಬೆರಳ ಸಂದಿಗಳು ನೀರಿಗೆ ಬೆಳ್ಳಗಾಗಿ ಬಿರಿದಿರುತ್ತಿದ್ದವು. ರಾತ್ರಿ ಅಲ್ಲಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದುದನ್ನು ಚಾಪೆಯ ಮೇಲೆ ಮಲಗಿ ನೋಡಿದ ನೆನಪು ನನಗಿನ್ನೂ ಇದೆ. ಹಾಗೆ ದುಡಿದ ಹೆಂಗಸಿಗೆ ಅಂಗಡಿಯ ಡಯಾಪರ್ ಎಂದರೆ ಬಿಡುಗಡೆ. ನೀವು ಬಟ್ಟೆ ಹಿಡಿದು ನಿಂತಾಗ ನಿಮ್ಮ ಅತ್ತೆಗೂ ಆ ಬಾವಿಕಟ್ಟೆಯೇ ಕಣ್ಣಮುಂದೆ ಬಂದಿರಬಹುದು. ಈ ಕೆಲಸ ಕೊನೆಗೆ ತಮ್ಮ ತಲೆಗೇ ಬರುತ್ತದೆಂಬ ಭಯವೂ ಇರಬಹುದು, ನೀವು ಕೆಲಸಕ್ಕೆ ಹೊರಟ ಮೇಲೆ ಅದು ನ್ಯಾಯವಾದ ಭಯವೇ.

ಆದ್ದರಿಂದ ಒಗೆಯುವ ಹೊಣೆ ಗಂಡನದ್ದಾಗಲಿ. ಇಬ್ಬರಿಗೂ ಹೂಂಗುಟ್ಟುವವರಿಗೆ ದಿನವೂ ರಾತ್ರಿ ಊಟದ ನಂತರ ಜಾಲಿಸಿ, ಯಂತ್ರಕ್ಕೆ ಹಾಕಿ, ಫ್ಯಾನಿನ ಕೆಳಗೆ ಹರವುವ ಕೆಲಸ ಕೊಡಿ. ಅತ್ತೆಯ ಎದುರಿನಲ್ಲೇ ಇದನ್ನು ಮಾತಾಡಿಕೊಳ್ಳಿ, ‘ಈ ಕೆಲಸ ನಿಮ್ಮ ಮೇಲೆ ಬೀಳುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ಶಿಶುಪಾಲನಾ ಕೇಂದ್ರದವರು ಬಟ್ಟೆ ಬೇಡವೆಂದರೆ ಜಗಳಕ್ಕೆ ಇಳಿಯಬೇಡಿ, ಅಲ್ಲಿಗೆ ಅಂಗಡಿಯದ್ದೇ ಕಳಿಸಿ. ಲೆಕ್ಕ ಸ್ವಲ್ಪ ಬದಲಾದೀತು, ಅಷ್ಟೆ.

ಇವತ್ತು ಎರಡು ಕೆಲಸ ಮಾಡಿ. ಗುಂಪಿನಲ್ಲಿ ಹೀಗೆ ಬರೆಯಿರಿ: ‘ಉಡುಪಿಯಲ್ಲಿದ್ದೇನೆ, ಮಗುವಿಗೆ ಐದು ತಿಂಗಳು, ರಾತ್ರಿ ಅಂಗಡಿಯ ಡಯಾಪರ್ ಹಾಕುತ್ತೇನೆ. ಕರಾವಳಿಯವರು ಮಳೆಗಾಲದಲ್ಲಿ ಹೇಗೆ ಒಣಗಿಸುತ್ತೀರಿ?’ ಯಾರಾದರೂ ಹೀಯಾಳಿಸಿದರೆ ಉತ್ತರಿಸಬೇಡಿ. ‘ನಾನೂ ಹಾಗೆಯೇ’ ಎಂದು ಬರೆದವರ ಹೆಸರು ಗುರುತು ಹಾಕಿಕೊಳ್ಳಿ. ಆಮೇಲೆ ಅತ್ತೆಯ ಹತ್ತಿರ ಹೋಗಿ ಹಳೆಯ ಪಂಚೆಯೊಂದನ್ನು ಕೇಳಿ. ಅದನ್ನು ಮುಕ್ಕೋನಕ್ಕೆ ಮಡಚಿ ಸೊಂಟಕ್ಕೆ ಬಿಗಿಯಾಗದಂತೆ ಕಟ್ಟುವುದು ಹೇಗೆಂದು ಮೊಮ್ಮಗಳ ಮೇಲೆಯೇ ತೋರಿಸಿಕೊಡಲಿ. ಆ ಮಡಿಕೆ ಅವರ ಕೈಗೆ ಇನ್ನೂ ಮರೆತಿರುವುದಿಲ್ಲ.