ಗಾಳದ ಕೋಲಿಗೆ ಕಾರ್ಕ್ ಹಿಡಿ: ಲೇತ್ ಇಲ್ಲದೆ ಆಗುತ್ತದೆಯೇ?

ಪ್ರಶ್ನೆ: ಫೈಬರ್‌ಗ್ಲಾಸ್ ಕೋಲು ತಂದು ಗಾಳದ ಕೋಲನ್ನು ನಾನೇ ಕಟ್ಟುತ್ತಿದ್ದೇನೆ. ಹಿಡಿಗೆ ಕಾರ್ಕ್ ಬಿಲ್ಲೆಗಳನ್ನು ತರಿಸಿದ್ದೇನೆ. ಲೇತ್ (ತಿರುಗಿಸಿ ಕಡೆಯುವ ಯಂತ್ರ) ಇಲ್ಲ, ಕೈ ಡ್ರಿಲ್ ಇದೆ. ಬಿಲ್ಲೆಗಳನ್ನು ಕೋಲಿಗೇ ಅಂಟಿಸಿ ಉಜ್ಜಬಹುದೇ ಸರ್?
– ಓದುಗರೊಬ್ಬರು, ಹುಣಸೂರು

ಉತ್ತರ: ಡ್ರಿಲ್ ಸಾಕು. ಆದರೆ ಕೋಲಿನ ಮೇಲೇ ಉಜ್ಜಬೇಡಿ. ಉದ್ದದ ಕೋಲನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದರೆ ತುದಿ ಹುಚ್ಚೆದ್ದು ಬೀಸುತ್ತದೆ. ಹಿಡಿಯನ್ನು ಬೇರೆಯಾಗಿ ಮಾಡಿ, ಆಮೇಲೆ ಏರಿಸಿ. ನಾನು ಯಾವಾಗಲೂ ಹೀಗೇ ಮಾಡುವುದು.

ನಿಮ್ಮ ಬಿಲ್ಲೆ ಅರ್ಧ ಇಂಚು ದಪ್ಪದ್ದಾದರೆ 7 ಇಂಚಿನ ಹಿಡಿಗೆ 14 ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲೆಯ ತೂತಿಗೆ ಸರಿಹೋಗುವ ಥ್ರೆಡ್ ರಾಡ್ (ಉದ್ದಕ್ಕೂ ಸುರುಳಿ ಗೆರೆ ಇರುವ ಸರಳು), ಎರಡು ವಾಷರ್, ಎರಡು ನಟ್ ತನ್ನಿ. ಅಂಟು ಹಿಡಿಯದಂತೆ ರಾಡ್‌ಗೆ ಮೇಣದಬತ್ತಿ ಉಜ್ಜಿ. ಗುಳಿ ಕಡಿಮೆ ಇರುವ ಬಿಲ್ಲೆಗಳನ್ನು ಎರಡು ತುದಿಗೂ ಹೆಬ್ಬೆರಳು ಕೂರುವ ಜಾಗಕ್ಕೂ ಇಡಿ. ತುದಿಯೇ ಮೊದಲು ಚೂರಾಗುವುದು.

ಬಿಲ್ಲೆಗಳ ಮುಖಕ್ಕೆ ನೀರಿಗೆ ಬಿಡದ ಮರದ ಅಂಟನ್ನು ತೆಳ್ಳಗೆ ಸವರಿ, ರಾಡ್‌ಗೆ ಪೋಣಿಸಿ. ಜಾಸ್ತಿ ಹಚ್ಚಿದರೆ ತೊಂದರೆ. ಒಣಗಿದ ಅಂಟು ಕಾರ್ಕ್‌ಗಿಂತ ಗಟ್ಟಿ. ಸ್ಯಾಂಡ್ ಪೇಪರ್ ಕಾರ್ಕನ್ನು ತಿನ್ನುತ್ತದೆ, ಅಂಟನ್ನು ಬಿಡುತ್ತದೆ, ಬೆರಳಿಗೆ ಗೆರೆ ಗೆರೆಯಾಗಿ ಸಿಗುತ್ತದೆ. ಅಂಚಿನಲ್ಲಿ ಸಣ್ಣ ಹನಿ ಕಾಣುವಷ್ಟು ಮಾತ್ರ ನಟ್ ಬಿಗಿಸಿ, ಒಂದು ದಿನ ಒಣಗಲು ಬಿಡಿ.

ಆಮೇಲೆ ರಾಡ್‌ನ ಒಂದು ತುದಿ ಡ್ರಿಲ್ಲಿಗೆ, ಇನ್ನೊಂದು ತುದಿ ತೂತು ಕೊರೆದ ಮರದ ತುಂಡಿಗೆ. ಡ್ರಿಲ್ ನಿಧಾನಕ್ಕೆ ತಿರುಗಲಿ. 80ರ ಒರಟು ಸ್ಯಾಂಡ್ ಪೇಪರನ್ನು ಉದ್ದ ಪಟ್ಟಿಯಾಗಿ ಕತ್ತರಿಸಿ, ಬೂಟಿಗೆ ಪಾಲಿಶ್ ಹಾಕುವ ಹಾಗೆ ಎರಡೂ ಕೈಯಲ್ಲಿ ಎಳೆದಾಡಿ. ಬೇಕಾದ ಅಳತೆಗೆ 1 ಮಿಲಿಮೀಟರ್ ಇರುವಾಗಲೇ ನಿಲ್ಲಿಸಿ, ಇನ್ನೂ ನಯವಾದ 120, 220, 320ಕ್ಕೆ ಹೋಗಿ. ಮೂಗಿಗೆ ಮಾಸ್ಕ್ ಇರಲೇಬೇಕು. ದಪ್ಪ ಎಷ್ಟು ಅಂತ ಪುಸ್ತಕ ನೋಡಬೇಡಿ. ಆಗಾಗ ಡ್ರಿಲ್ ನಿಲ್ಲಿಸಿ, ಕಣ್ಣು ಮುಚ್ಚಿ ಹಿಡಿದು ನೋಡಿ. ಗಂಟೆಗಟ್ಟಲೆ ಹಿಡಿಯುವುದು ನಿಮ್ಮ ಕೈ ಅಲ್ವಾ?

ಪುಡಿ ಎಸೆಯಬೇಡಿ. ಅದೇ ಅಂಟಿಗೆ ಕಲಸಿ ಗುಳಿಗಳಿಗೆ ತುಂಬಿ, ಒಣಗಿದ ಮೇಲೆ ಉಜ್ಜಿ. ಪೋರ್ಚುಗಲ್‌ನಲ್ಲಿ ಕಾರ್ಕ್ ಓಕ್ ಮರವನ್ನು ಕಡಿಯದೆ, 9 ವರ್ಷಕ್ಕೊಮ್ಮೆ ತೊಗಟೆ ಮಾತ್ರ ಸುಲಿಯುತ್ತಾರೆ. ಅಷ್ಟು ಕಾದು ಬಂದ ವಸ್ತುವನ್ನು ಹಾಳು ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಹೊರಗಿನ ಆಕಾರವನ್ನು ಎಲ್ಲರೂ ನೋಡುತ್ತಾರೆ. ನಿಜವಾದ ಕೆಲಸ ಇರುವುದು ಒಳಗಿನ ತೂತಿನಲ್ಲಿ. ಕೋಲು ಬುಡಕ್ಕೆ ದಪ್ಪ, ಹಿಡಿ ಏರುವುದು ತುದಿಯಿಂದ. ಆದ್ದರಿಂದ ತೂತು ಬುಡದ ಕಡೆ ಸ್ವಲ್ಪ ಅಗಲವಿರಬೇಕು. ಗುಂಡು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಮತ್ತೆ ಮತ್ತೆ ಏರಿಸಿ ನೋಡಿ. ತನ್ನ ಜಾಗಕ್ಕೆ ಒಂದು ಬೆರಳಗಲ ಇರುವಾಗ ಬಿಗಿಯಾದರೆ ಅಳತೆ ಸರಿ. ಅದಕ್ಕಿಂತ ಬಿಗಿಯಾದರೆ ಕಾರ್ಕ್ ಸೀಳುತ್ತದೆ. ಸಡಿಲವಾದರೆ ಒಳಗೆ ಪೊಳ್ಳು ಉಳಿದು, ಮೀನು ಎಳೆಯುವುದು ಕೈಗೆ ಮಂದವಾಗಿ ತಿಳಿಯುತ್ತದೆ.

ಕೂರಿಸುವ ಜಾಗದಲ್ಲಿ ಕೋಲನ್ನು ಹಗುರವಾಗಿ ಉಜ್ಜಿ, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಅಂಟು ಹಚ್ಚಿ, ತಿರುಗಿಸುತ್ತಾ ಇಳಿಸಿ. ಹಿಡಿ ಎರಡು ತುಂಡಾಗಿದ್ದರೆ ಹಿಂದಿನ ಹಿಡಿ ಮೊದಲು, ಆಮೇಲೆ ರೀಲ್ ಸೀಟ್ (ದಾರದ ರೀಲ್ ಕೂರುವ ಭಾಗ), ಕೊನೆಗೆ ಮುಂದಿನ ಹಿಡಿ. ವಾರ್ನಿಷ್ ಬೇಡ, ಒದ್ದೆ ಕೈಗೆ ಜಾರುತ್ತದೆ. ದಾರ ಹಾಯುವ ಗೈಡ್‌ಗಳನ್ನು ಇದೆಲ್ಲ ಮುಗಿದ ಮೇಲೆಯೇ ಕಟ್ಟಿ. ಮೊದಲೇ ಕಟ್ಟಿದರೆ ಹಿಡಿ ಏರುವುದೇ ಇಲ್ಲ.