ರ‍್ಯಾಂಪ್ ಮೇಲಿನ ಉಡುಪು, ನಮ್ಮೂರ ಹೊಲಿಗೆ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಮೈಸೂರು, ಮಂಡ್ಯ ಕಡೆಯವು. ಫ್ಯಾಷನ್ ವೀಕ್‌ಗಳಲ್ಲಿ ಕಂಡು ಇಷ್ಟವಾದ ಹೆಂಗಸರ ಉಡುಪನ್ನು ಇಲ್ಲೇ ಹೊಲಿಸಿಕೊಳ್ಳುವುದು ಹೇಗೆ ಎಂಬುದೇ ಬಹುತೇಕರ ಪ್ರಶ್ನೆ. ಟೈಲರಿಗೆ ಫೋಟೊ ತೋರಿಸಿ ‘ಇದೇ ಥರ ಬೇಕು’ ಅನ್ನುವ ಮುಂಚೆ ಅದು ಯಾವ ಬಟ್ಟೆ ಎಂದು ತಿಳಿದುಕೊಳ್ಳಿ. ಕೆಟ್ಟುಹೋದ ಹೊಲಿಗೆಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಕೆಟ್ಟಿರುತ್ತವೆ.

ಪ್ರಶ್ನೆ: ಪ್ಯಾರಿಸ್ ಷೋಗಳಲ್ಲಿ ಕಾಣುವ, ಮೈಗೆ ಅಂಟದೆ ಜಾರಿ ಇಳಿಯುವ ಉದ್ದನೆಯ ಸ್ಲಿಪ್ ಡ್ರೆಸ್ ನನಗೆ ತುಂಬ ಇಷ್ಟ. ಅಮ್ಮನ ಹಳೆಯ ಮೈಸೂರು ಸಿಲ್ಕ್ ಸೀರೆಯಲ್ಲಿ ಹೊಲಿಸಬಹುದೇ? ಹಿಂದೆ ಬೇರೆ ಬಟ್ಟೆಯಲ್ಲಿ ಹೊಲಿಸಿದಾಗ ಕೆಳಗಿನ ಅಂಚು ಅಲೆ ಅಲೆಯಾಗಿ ಏರುಪೇರಾಯಿತು. (ಸರಸ್ವತಿಪುರಂ, ಮೈಸೂರು)

ಉತ್ತರ: ಹೊಲಿಸಬಹುದು. ಮೈಸೂರು ಸಿಲ್ಕಿನ ಕ್ರೇಪ್ ಇದಕ್ಕೆ ಹೇಳಿ ಮಾಡಿಸಿದ ಬಟ್ಟೆ. ನೂಲಿಗೆ ಬಿಗಿ ತಿರುವು ಕೊಟ್ಟು ನೇಯುವುದರಿಂದ ಮೃದುವಾಗಿದ್ದರೂ ತೂಕವಾಗಿ ಇಳಿಬೀಳುತ್ತದೆ. ನೀವು ಮೆಚ್ಚಿದ ಆ ಜಾರುವಿಕೆ ಬರುವುದು ಕ್ರಾಸ್ ಕಟಿಂಗ್‌ನಿಂದ, ಅಂದರೆ ಬಟ್ಟೆಯ ಉದ್ದಕ್ಕೆ ಸಾಗುವ ಹಾಸು ನೂಲಿಗೆ 45 ಡಿಗ್ರಿ ಓರೆಯಾಗಿ ಕತ್ತರಿಸುವುದರಿಂದ. 1920ರ ದಶಕದಲ್ಲಿ ಪ್ಯಾರಿಸ್‌ನ ಮದಲೇನ್ ವಿಯೊನೆ ಇಡೀ ಉಡುಪನ್ನೇ ಹೀಗೆ ಕತ್ತರಿಸಿ ಹೆಸರು ಮಾಡಿದವರು. ಚಿಕ್ಕ ಮರದ ಬೊಂಬೆಗೆ ಬಟ್ಟೆ ಸುತ್ತಿ ನೋಡಿ, ಸರಿ ಬಂದ ಮೇಲೆ ಆಳಿನ ಅಳತೆಗೆ ಏರಿಸುತ್ತಿದ್ದರು. ಮನೆಯಲ್ಲಿ ದಸರಾ ಬೊಂಬೆ ಇರುವವರು ಇದನ್ನು ಮಾಡಿ ನೋಡಬಹುದು, ತಮಾಷೆಗಲ್ಲ.

ಮೊದಲು ಸೀರೆಯನ್ನು ಬೆಳಕಿಗೆ ಹಿಡಿಯಿರಿ. ವರ್ಷಗಟ್ಟಲೆ ಮಡಿಸಿಟ್ಟ ಗೆರೆಗಳಲ್ಲಿ ರೇಷ್ಮೆ ಸವೆದು ಬೆಳಕು ತೂರುತ್ತಿದ್ದರೆ ಕತ್ತರಿ ಇಡಬೇಡಿ, ಕ್ರಾಸ್ ಹೊಲಿಗೆ ಎಳೆದಾಗ ಅಲ್ಲೇ ಹರಿಯುತ್ತದೆ. ಸೀರೆ ಗಟ್ಟಿಯಿದ್ದರೆ ಡ್ರೈಕ್ಲೀನ್ ಮಾಡಿಸಿ, ಜರಿ ಅಂಚನ್ನು ಬೇರ್ಪಡಿಸಿ. ಜರಿ ಹಿಗ್ಗುವುದಿಲ್ಲ, ಪಕ್ಕದ ಓರೆ ಬಟ್ಟೆ ಹಿಗ್ಗುತ್ತದೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ಸುಕ್ಕು ಖಂಡಿತ.

ಇನ್ನು ಲೆಕ್ಕ. ಅಂಚು ತೆಗೆದ ಮೇಲೆ 38 ಇಂಚು ಪನ್ನ (ಬಟ್ಟೆಯ ಅಗಲ) ಉಳಿಯಿತು ಅನ್ನಿ. ಭುಜದಿಂದ ಪಾದದವರೆಗಿನ 50 ಇಂಚಿನ ತುಂಡು ಅದರಲ್ಲಿ ಓರೆಯಾಗಿ ಕೂರುವುದಿಲ್ಲ. ಅನೇಕ ಟೈಲರುಗಳು ಇಲ್ಲೇ ಸೋತು, ಅರ್ಧ ಕ್ರಾಸ್ ಅರ್ಧ ನೇರ ಕತ್ತರಿಸಿಬಿಡುತ್ತಾರೆ. ಅದರ ಬದಲು ಸೊಂಟದಲ್ಲಿ ಜೋಡಣೆ ಕೊಡಿ. ಮೇಲ್ಭಾಗ ಎರಡು ತುಂಡು, ಕೆಳಭಾಗ ನಾಲ್ಕು ತುಂಡು. ಕೆಳಗಿನ ಒಂದೊಂದು ತುಂಡು 34 ಇಂಚು ಉದ್ದ, 14 ಇಂಚು ಅಗಲವಿದ್ದರೂ ಆ ಪನ್ನದೊಳಗೆ ಕೂರುತ್ತದೆ. ನಾಲ್ಕರಲ್ಲಿ ಎರಡನ್ನು ಎಡಕ್ಕೆ ಓರೆಯಾಗಿ, ಎರಡನ್ನು ಬಲಕ್ಕೆ ಓರೆಯಾಗಿ ಕತ್ತರಿಸಿ. ಎಲ್ಲವೂ ಒಂದೇ ಕಡೆಗಿದ್ದರೆ ನಡೆಯುವಾಗ ಡ್ರೆಸ್ ಕಾಲಿಗೆ ತಿರುಚಿಕೊಳ್ಳುತ್ತದೆ. ಐದೂವರೆ ಮೀಟರ್ ಸೀರೆಯಲ್ಲಿ ಇಷ್ಟೂ ಆಗಿ ಪಟ್ಟಿಗಳಿಗೂ ಬಟ್ಟೆ ಮಿಗುತ್ತದೆ. ಬಟ್ಟೆಯನ್ನು ಎರಡು ಪದರ ಮಡಿಸಿ ಕತ್ತರಿಸಬೇಡಿ, ಕೆಳಗಿನ ಪದರ ಜಾರುತ್ತದೆ. ಪಕ್ಕಗಳಲ್ಲಿ ಅರ್ಧ ಇಂಚಿನ ಬದಲು ಒಂದು ಇಂಚು ಹೊಲಿಗೆಗೆ ಬಿಡಿ, ಯಾಕೆಂದರೆ ತೂಗಿದಾಗ ಉದ್ದ ಹೆಚ್ಚಿ ಅಗಲ ಕಡಿಮೆಯಾಗುತ್ತದೆ.

ಸೂಜಿ 9 ಅಥವಾ 11ನೇ ನಂಬರ್. ನೇರ ಹೊಲಿಗೆ ಬೇಡ, ಅರ್ಧ ಮಿಲಿಮೀಟರ್ ಅಗಲದ ಜಿಗ್‌ಜಾಗ್ ಇಡಿ. ಬಟ್ಟೆ ಹಿಗ್ಗಿದಾಗ ನೇರ ಹೊಲಿಗೆಯ ದಾರ ತುಂಡಾಗುತ್ತದೆ. ಕೆಳಗೆ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತದೆ. ಕತ್ತು, ಬಗಲಿಗೆ ಕತ್ತರಿಸಿದ ತಕ್ಷಣ ನೇರ ಎಳೆಯ ಸಣ್ಣ ಪಟ್ಟಿ ಹಚ್ಚಿ.

ನಿಮ್ಮ ಅಂಚು ಏರುಪೇರಾದದ್ದು ಬಹುಶಃ ಹೊಲಿದ ದಿನವೇ ಮಡಿಸಿ ಹೊಲಿದದ್ದರಿಂದ. ಪೂರ್ತಿ ಹೊಲಿದ ಡ್ರೆಸ್ಸನ್ನು ಎರಡು ದಿನ ಹ್ಯಾಂಗರಿನಲ್ಲಿ ತೂಗುಹಾಕಿ. ಆಮೇಲೆ ತೊಟ್ಟುಕೊಂಡು ನಿಂತು, ಸೊಂಟದಿಂದ ಕೆಳಕ್ಕೆ ಅಳೆಯದೆ ನೆಲದಿಂದ ಮೇಲಕ್ಕೆ ಅಳೆದು ಸುತ್ತ ಗುರುತು ಹಾಕಿಸಿ. ಒಂದು ಕಡೆ ಎರಡು ಇಂಚು ಹೆಚ್ಚು ಇಳಿದಿದ್ದರೂ ಗಾಬರಿ ಬೇಡ, ಅಷ್ಟನ್ನು ಕತ್ತರಿಸಿ 3 ಮಿಲಿಮೀಟರ್ ಸುರುಳಿ ಅಂಚು ಹೊಲಿಯಿರಿ. ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ ಎತ್ತಿ ಎತ್ತಿ ಇಡಬೇಕು.

ಪ್ರಶ್ನೆ: ನಾನು 5 ಅಡಿ 2 ಇಂಚು. ರ‍್ಯಾಂಪ್ ಮೇಲೆ ಚೆನ್ನಾಗಿ ಕಾಣುವುದೆಲ್ಲ ನನ್ನ ಮೈಮೇಲೆ ಎರವಲು ತಂದಂತೆ ಕಾಣುತ್ತದೆ. (ಪಾಂಡವಪುರ)

ಉತ್ತರ: ಮಾಡೆಲ್‌ಗಳು ಸಾಮಾನ್ಯವಾಗಿ 5 ಅಡಿ 10 ಇಂಚಿನ ಆಸುಪಾಸು, ಅಂದರೆ 70 ಇಂಚು. ನೀವು 62. ಹಾಗಾಗಿ ಅಲ್ಲಿನ ಉದ್ದಗಳನ್ನೆಲ್ಲ 0.88ರಿಂದ ಗುಣಿಸಿ. ಅಲ್ಲಿ 30 ಇಂಚಿನ ಜಾಕೆಟ್ ನಿಮಗೆ 26 ಮುಕ್ಕಾಲಿನೊಳಗೆ ಇರಬೇಕು. ಜೇಬು ಎಲ್ಲಿ ಬರುತ್ತದೆ, ಗುಂಡಿ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೂ ಇದೇ ಲೆಕ್ಕ. ಟೈಲರುಗಳು ಉದ್ದ ಕಡಿಮೆ ಮಾಡಿ ಜೇಬನ್ನು ಅಲ್ಲೇ ಬಿಡುತ್ತಾರೆ, ಆಗ ಕೈ ಹಾಕಲು ಬಗ್ಗಬೇಕಾಗುತ್ತದೆ. ಕಾಲರಿನ ಅಗಲವನ್ನು ಮಾತ್ರ ಇಷ್ಟು ಇಳಿಸಬೇಡಿ, ಅದು ಮುಖಕ್ಕೆ ಹೊಂದಬೇಕಾದದ್ದು. ಇನ್ನೊಂದು ಮಾತು: ಎದುರಿನಿಂದ ತೆಗೆದ ಫೋಟೊ ಸಾಲದು. ಮಾಡೆಲ್ ತಿರುಗಿ ಹೋಗುವ ವಿಡಿಯೊ ನೋಡಿ. ಬಟ್ಟೆಯ ಹರವೆಲ್ಲ ಬೆನ್ನಿನಲ್ಲಿ ಇದ್ದುಬಿಡುವುದು ಉಂಟು.

ಪ್ರಶ್ನೆ: ತಂಗಿಯ ಮದುವೆಗೆ ಬೆಲ್ಟ್ ಕಟ್ಟಿದ, ಮೊದಲೇ ನೆರಿಗೆ ಹೊಲಿದ ಸೀರೆ ಬೇಕು, ಡಿಸೈನರ್ ತರುಣ್ ತಹಿಲಿಯಾನಿ ಷೋಗಳಲ್ಲಿ ಬರುವಂಥದ್ದು. ನನ್ನ ರೇಷ್ಮೆ ಸೀರೆಯನ್ನು ಕತ್ತರಿಸಲು ಅತ್ತೆಗೆ ಇಷ್ಟವಿಲ್ಲ. (ಮಂಡ್ಯ)

ಉತ್ತರ: ಅತ್ತೆಯವರು ಹೇಳುವುದು ಸರಿ, ಕತ್ತರಿಸುವ ಅಗತ್ಯವೇ ಇಲ್ಲ. ಕೈಹೊಲಿಗೆಯಲ್ಲೇ ಮಾಡಿ ಆಮೇಲೆ ಬಿಚ್ಚಬಹುದು. ಐದೂವರೆ ಮೀಟರ್ ಅಂದರೆ ಸುಮಾರು 216 ಇಂಚು. ಮೊದಲ ಸುತ್ತಿಗೆ 40, ನೆರಿಗೆಗೆ 65, ಎರಡನೆಯ ಸುತ್ತಿಗೆ 40, ಎದೆ ದಾಟಿ ಭುಜ ಏರಲು 25, ಉಳಿದದ್ದು ಬೆನ್ನಿನ ಸೆರಗಿಗೆ. 5 ಇಂಚಿನ ಒಂದು ನೆರಿಗೆ 10 ಇಂಚು ಬಟ್ಟೆ ತಿನ್ನುತ್ತದೆ, ಹಾಗಾಗಿ ಆರು ನೆರಿಗೆಗಿಂತ ಹೆಚ್ಚು ಆಸೆಪಡಬೇಡಿ.

ಮೊದಲು ನಿಮ್ಮ ಸೊಂಟಕ್ಕೆ ಕಾಟನ್ ಲಂಗ ಹೊಲಿಸಿ, ಎಡಪಕ್ಕ 7 ಇಂಚು ತೆರವು, ಎರಡು ಹುಕ್. ಸ್ಯಾಟಿನ್ ಲಂಗ ಬೇಡ, ರೇಷ್ಮೆ ಅದರ ಮೇಲೆ ನಿಲ್ಲದೆ ಕೆಳಗೆ ಎಳೆಯುತ್ತದೆ. ಮದುವೆಗೆ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಸೀರೆ ಉಟ್ಟು, ನೆರಿಗೆ ಕೂರಿಸಿ, ಗುಂಡುಸೂಜಿ ಚುಚ್ಚಿ. ಬಿಚ್ಚಿದ ಮೇಲೆ ಸೊಂಟದ ಪಟ್ಟಿಗೆ ರೇಷ್ಮೆ ದಾರದಿಂದ ಅರ್ಧ ಇಂಚಿನ ಟಾಕು ಹಾಕಿ. ನೆರಿಗೆಯನ್ನು ಸೊಂಟದಿಂದ 4 ಇಂಚಿನವರೆಗೆ ಒಳಗಿನಿಂದ ಹಿಡಿದರೆ ಸಾಕು. ಅದಕ್ಕಿಂತ ಕೆಳಗೆ ಹಿಡಿದರೆ ಕೂತಾಗ ತೊಡೆಯ ಹತ್ತಿರ ಬುಗ್ಗೆ ಏಳುತ್ತದೆ. ತೆರವು ಇರುವ ಕಡೆ ಸೀರೆಯನ್ನು ಲಂಗಕ್ಕೆ ಹೊಲಿಯದೆ ಹುಕ್ಕಿಗೆ ಬಿಡಿ, ಇಲ್ಲದಿದ್ದರೆ ತೊಡಲು ದಾರಿಯೇ ಇರುವುದಿಲ್ಲ.

ಜರಿಯ ಮೇಲೆ ಮೆಷಿನ್ ಸೂಜಿ ಓಡಿಸಬೇಡಿ, ತೂತು ಹಾಗೇ ಉಳಿಯುತ್ತದೆ. ನಿಮ್ಮದು ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯ ಸೀರೆಯಾದರೆ ಅದರ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. ಬೆಳ್ಳಿಗೆ ಬೆವರು, ಸೆಂಟು ಆಗದು, ಕಪ್ಪಾಗುತ್ತದೆ. ಸೆಂಟನ್ನು ಸೀರೆ ಉಡುವ ಮೊದಲೇ ಹಾಕಿಕೊಳ್ಳಿ. ಬೆಲ್ಟ್ ಒಂದೂವರೆ ಇಂಚು ಅಗಲವಿರಲಿ, ಒಳಗೆ ಕ್ಯಾನ್ವಾಸ್. ಬೆಲ್ಟಿನ ಲೋಹದ ಕೊಂಡಿಗೆ ಹಿಂಬದಿ ಬಟ್ಟೆ ಹಚ್ಚದಿದ್ದರೆ ಊಟಕ್ಕೆ ಕೂರುವಷ್ಟರಲ್ಲಿ ಸೆರಗಿನ ಎಳೆ ಕಿತ್ತಿರುತ್ತದೆ.

ಪ್ರಶ್ನೆ: ಜಪಾನಿನ ಡಿಸೈನರ್ ಇಸ್ಸೆ ಮಿಯಾಕೆ ಉಡುಪಿನ ಸಣ್ಣ ನೆರಿಗೆಗಳನ್ನು ರೇಷ್ಮೆಯಲ್ಲಿ ಮಾಡಿಸಬಹುದೇ? (ಶ್ರೀರಂಗಪಟ್ಟಣ)

ಉತ್ತರ: ಆಗುವುದಿಲ್ಲ. ಅವು ಪಾಲಿಯೆಸ್ಟರ್. ಎರಡೂವರೆ, ಮೂರು ಪಟ್ಟು ದೊಡ್ಡದಾಗಿ ಕತ್ತರಿಸಿ, ಉಡುಪನ್ನು ಪೂರ್ತಿ ಹೊಲಿದು, ಕಾಗದಗಳ ನಡುವೆ ಇಟ್ಟು ಬಿಸಿ ಪ್ರೆಸ್ಸಿಗೆ ಕೊಡುತ್ತಾರೆ. ಪಾಲಿಯೆಸ್ಟರ್ ಕಾವಿಗೆ ಮೆತ್ತಗಾಗಿ, ತಣ್ಣಗಾದಾಗ ಆ ಮಡಿಕೆಯಲ್ಲೇ ನಿಲ್ಲುತ್ತದೆ. ಹೀಗೆ ಸಿದ್ಧವಾದ ‘ಪ್ಲೀಟ್ಸ್ ಪ್ಲೀಸ್’ ಸಾಲು ಬಂದದ್ದು 1993ರಲ್ಲಿ. ರೇಷ್ಮೆ, ಹತ್ತಿಗೆ ಆ ಗುಣವಿಲ್ಲ. ಮೇಲುಕೋಟೆ ಕಡೆ ಗಂಜಿ ಹಾಕಿ ಮಡಿಸಿ ಕಟ್ಟಿಡುವ ಅಂಗವಸ್ತ್ರದ ನೆರಿಗೆ ಎಷ್ಟು ಚೂಪಾಗಿದ್ದರೂ ಒಂದು ಒಗೆತಕ್ಕೆ ಹೋಗುತ್ತದಲ್ಲ, ಹಾಗೆ. ಅಂಗಡಿಯಲ್ಲಿ ಸಿಗುವ ನೆರಿಗೆ ಹಾಕಿದ ಪಾಲಿಯೆಸ್ಟರ್ ತನ್ನಿ. ಕತ್ತರಿಸುವ ಗೆರೆಯ ಎರಡೂ ಬದಿ ಮೊದಲು ಟೇಪ್ ಅಂಟಿಸಿ, ಇಲ್ಲದಿದ್ದರೆ ಕತ್ತರಿ ಹಾಕಿದ ಕೂಡಲೇ ನೆರಿಗೆ ಬಿಚ್ಚಿಕೊಳ್ಳುತ್ತದೆ. ಇಸ್ತ್ರಿ ಹಾಕಲೇಬೇಡಿ.

ಪ್ರಶ್ನೆ: ಅಗಲ ಭುಜದ ದೊಗಲೆ ಬ್ಲೇಜರ್ ಅನ್ನು ಬದನವಾಳು ಖಾದಿಯಲ್ಲಿ ಹೊಲಿಸಬೇಕು. ಎಷ್ಟು ಬಟ್ಟೆ, ಏನು ಎಚ್ಚರ? (ನಂಜನಗೂಡು)

ಉತ್ತರ: 36 ಇಂಚು ಪನ್ನವಾದರೆ ಮೂರೂವರೆ ಮೀಟರ್. ಬಟ್ಟೆಯ ಮೇಲೆ 10 ಇಂಚಿನ ಚೌಕ ಗುರುತು ಹಾಕಿ, ರಾತ್ರಿಯಿಡೀ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಮತ್ತೆ ಅಳೆಯಿರಿ. ಕಾಲು ಇಂಚಿಗಿಂತ ಹೆಚ್ಚು ಕುಗ್ಗಿದ್ದರೆ ಇನ್ನೊಮ್ಮೆ ನೆನೆಸಿಯೇ ಕತ್ತರಿಸಿ.

ದೊಗಲೆ ಎಂದರೆ ಎರಡು ಸೈಜ್ ದೊಡ್ಡದು ಎಂದಲ್ಲ. ಎಲ್ಲವನ್ನೂ ಹಿಗ್ಗಿಸಿದರೆ ಕತ್ತು ಹಿಂದಕ್ಕೆ ಸರಿದು ಕಾಲರ್ ಬೆನ್ನಿನಿಂದ ಎದ್ದು ನಿಲ್ಲುತ್ತದೆ. ಕತ್ತು ನಿಮ್ಮ ಅಳತೆಗೇ ಇರಲಿ. ಭುಜವನ್ನು ಎರಡೂ ಕಡೆ ಒಂದೂವರೆ ಇಂಚು ಚಾಚಿ, ಅಷ್ಟನ್ನೇ ತೋಳಿನ ಉದ್ದದಲ್ಲಿ ಕಳೆಯಿರಿ. ಪ್ಯಾಡ್ 1 ಸೆಂಟಿಮೀಟರ್ ದಪ್ಪ ಸಾಕು. ಪ್ಯಾಡ್ ಮುಗಿದು ತೋಳು ಶುರುವಾಗುವ ಕಡೆ ಗುಳಿ ಬೀಳುತ್ತದೆ. ಅಲ್ಲಿಗೆ ಒಂದೂವರೆ ಇಂಚು ಅಗಲದ ಮೆತ್ತನೆ ವ್ಯಾಡಿಂಗ್ ಪಟ್ಟಿ ಒಳಗಿನಿಂದ ಹಚ್ಚಿಸಿ. ಇಷ್ಟನ್ನು ಬಿಡುವುದರಿಂದಲೇ ಇಲ್ಲಿ ಹೊಲಿದ ಬ್ಲೇಜರುಗಳು ನಾಟಕದ ಪೊಲೀಸ್ ಯೂನಿಫಾರ್ಮ್ ಥರ ಕಾಣುವುದು. ಫ್ಯೂಸಿಂಗನ್ನು (ಇಸ್ತ್ರಿಯ ಕಾವಿಗೆ ಅಂಟುವ ಒಳಬಟ್ಟೆ) ಮೊದಲು ತುಂಡಿನ ಮೇಲೆ ಅಂಟಿಸಿ ಒಗೆದು ನೋಡಿ, ಗುಳ್ಳೆ ಎದ್ದರೆ ಹೊಲಿಯುವ ಕ್ಯಾನ್ವಾಸ್ ಹಾಕಿಸಿ.

ಮುಂಭಾಗ ಹಾರುತ್ತದೆ ಅನ್ನಿಸಿದರೆ ಪ್ಯಾರಿಸ್‌ನ ಫ್ಯಾಷನ್ ಸಂಸ್ಥೆ ಶನೆಲ್‌ನ ಉಪಾಯವಿದೆ. ಅವರು ಜಾಕೆಟ್ಟಿನ ಕೆಳ ಅಂಚಿನ ಒಳಗೆ ಸರಪಳಿ ಹೊಲಿಯುತ್ತಾರೆ, ಆ ತೂಕಕ್ಕೆ ಜಾಕೆಟ್ ನೇರ ಇಳಿಯುತ್ತದೆ. ತೆಳು ಸ್ಟೀಲ್ ಸರಪಳಿ ಹಾಕಿ, ಹಿತ್ತಾಳೆ ಬೇಡ, ಖಾದಿಗೆ ಹಸಿರು ಕಲೆ ಬಿಡುತ್ತದೆ. ಒಗೆಯುವಾಗ ಬಿಚ್ಚುವಂತೆ ದೂರ ದೂರ ಟಾಕು ಹಾಕಿ.

ಪ್ರಶ್ನೆ: 2023ರ ಮಾರ್ಚ್‌ನಲ್ಲಿ ಮುಂಬೈನ ಗೇಟ್‌ವೇ ಆಫ್ ಇಂಡಿಯಾ ಎದುರು ಪ್ಯಾರಿಸ್‌ನ ಫ್ಯಾಷನ್ ಸಂಸ್ಥೆ ಡಿಯೊರ್‌ನ ಷೋ ಆಯಿತಲ್ಲ, ಅಂಥ ಕಸೂತಿ ಜಾಕೆಟ್ ಆರಿ ವರ್ಕಿನಲ್ಲಿ (ಕೊಕ್ಕೆ ಸೂಜಿಯ ಕುಸುರಿ) ಆಗುತ್ತದೆಯೇ? ಹೊಲಿದ ಜಾಕೆಟ್ ಇದೆ, ಕೊಟ್ಟರೆ ಸಾಕೇ? (ಶಿವರಾಂಪೇಟೆ, ಮೈಸೂರು)

ಉತ್ತರ: ಆಗುತ್ತದೆ. ಆ ಷೋಗೆ ಕುಸುರಿ ಮಾಡಿದ್ದು ಮುಂಬೈನ ಚಾಣಕ್ಯ ಕಾರ್ಯಾಗಾರದ ನಮ್ಮವರೇ. ಆದರೆ ಹೊಲಿದ ಜಾಕೆಟ್ ಕೊಡಬೇಡಿ, ಅದನ್ನು ಚೌಕಟ್ಟಿಗೆ ಬಿಗಿಯಲಾಗದು. ಕತ್ತರಿಸದ ಬಟ್ಟೆಯ ಮೇಲೆ ತುಂಡುಗಳ ಗೆರೆ ಎಳೆದು, ಸುತ್ತ ಎರಡು ಇಂಚು ಬಿಟ್ಟು ಕೊಡಿ. ಕುಸುರಿ ಬಿದ್ದಂತೆ ಬಟ್ಟೆ ಕುಗ್ಗುತ್ತದೆ, ಹಾಗಾಗಿ ವಾಪಸ್ ಬಂದ ಮೇಲೆ ಮತ್ತೆ ಅಳೆದು ಗೆರೆ ಹಾಕಿಯೇ ಕತ್ತರಿಸಬೇಕು. ಹೊಲಿಗೆ ಬರುವ ಒಂದೂವರೆ ಸೆಂಟಿಮೀಟರಿನಲ್ಲಿ ಮಣಿ ಇರಬಾರದು, ಸೂಜಿ ಮುರಿಯುತ್ತದೆ. ಖಾಲಿ ಬಿಟ್ಟ ಜಾಗವನ್ನು ಹೊಲಿಗೆಯಾದ ಮೇಲೆ ಕೈಯಲ್ಲಿ ತುಂಬಿಸಿ.

ಪ್ರಶ್ನೆ: ಭುಜಪಟ್ಟಿ ಇಲ್ಲದ ಕಾರ್ಸೆಟ್ ಬ್ಲೌಸ್ ಜಾರುತ್ತಲೇ ಇರುತ್ತದೆ. ಎದೆಯ ಸುತ್ತಳತೆ ಎಷ್ಟು ಬಿಗಿ ಮಾಡಿದರೂ ಅಷ್ಟೇ. (ಕೆ.ಆರ್. ನಗರ)

ಉತ್ತರ: ಎದೆಯಲ್ಲಿ ಬಿಗಿ ಮಾಡಿದಷ್ಟೂ ಜಾರುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ಸೊಂಟ. ಒಳಗೆ ಸೊಂಟದ ಗೆರೆಗೆ ಒಂದು ಇಂಚು ಅಗಲದ ಹಿಗ್ಗದ ರಿಬ್ಬನ್ ಕೂರಿಸಿ, ಹಿಂದೆ ಹುಕ್ ಹಾಕಿಸಿ. ಮೊದಲು ಅದನ್ನು ಬಿಗಿದು ಆಮೇಲೆ ಬ್ಲೌಸ್ ಮುಚ್ಚಬೇಕು. ಒಳಪದರ ಡ್ರಿಲ್ ಬಟ್ಟೆಯಾಗಿರಲಿ. ಬೋನನ್ನು (ಬ್ಲೌಸನ್ನು ನೆಟ್ಟಗೆ ನಿಲ್ಲಿಸುವ ಗಟ್ಟಿ ಪಟ್ಟಿ) ಎದೆಯ ಮೇಲೆ ಉದ್ದಕ್ಕೆ ಇಳಿಯುವ ಪ್ರಿನ್ಸೆಸ್ ಕಟ್ ಹೊಲಿಗೆಗಳ ಮೇಲೆ ಮತ್ತು ಎರಡೂ ಪಕ್ಕಗಳಲ್ಲಿ ಕೂರಿಸಿ. ಬೋನ್ 6 ಮಿಲಿಮೀಟರ್ ಅಗಲವಾದರೆ ಅದು ಕೂರುವ ಬಟ್ಟೆಯ ಕೊಳವೆ 8 ಇರಬೇಕು. ಉದ್ದದಲ್ಲಿ ಕೊಳವೆಗಿಂತ 1 ಸೆಂಟಿಮೀಟರ್ ಕಡಿಮೆ ಇಲ್ಲದಿದ್ದರೆ ತುದಿ ಹೊರಬಂದು ಬಗಲಿಗೆ ಚುಚ್ಚುತ್ತದೆ. ಪ್ಲಾಸ್ಟಿಕ್ ಬೋನಿನ ತುದಿಯನ್ನು ಗುಂಡಗೆ ಕತ್ತರಿಸಿ ಬೆಂಕಿಗೆ ಒಮ್ಮೆ ತಾಗಿಸಿ. ಹಿಂದೆ ಜಿಪ್ ಬದಲು ಲಾಡಿ ಇರಲಿ, ಮದುವೆ ಊಟವಾದ ಮೇಲೆ ಸಡಿಲಿಸಲು ಅದೊಂದೇ ದಾರಿ.

ಪ್ರಶ್ನೆ: ಮಾಡೆಲ್ ಬೆಲ್ಲಾ ಹದೀದ್ ಮೈಮೇಲೆ ಸ್ಪ್ರೇ ಮಾಡಿ ಡ್ರೆಸ್ ಮಾಡಿದರಲ್ಲ, ಕಾಲೇಜ್ ಫೆಸ್ಟಿಗೆ ಮಾಡಬಹುದೇ? (ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ಬೇಡಮ್ಮ. 2022ರ ಸೆಪ್ಟೆಂಬರ್ 30ರಂದು ಪ್ಯಾರಿಸ್‌ನಲ್ಲಿ ಕೊಪರ್ನಿ ಎಂಬ ಬ್ರ್ಯಾಂಡಿನ ಷೋದಲ್ಲಿ ಬಳಸಿದ್ದು ಫ್ಯಾಬ್ರಿಕನ್ ಎಂಬ ದ್ರವ. ಸಣ್ಣ ನಾರು, ಪಾಲಿಮರ್, ಬೇಗ ಆರುವ ದ್ರಾವಕ ಅದರಲ್ಲಿವೆ. ಅಂಗಡಿಯ ಯಾವ ಸ್ಪ್ರೇ ಪೇಂಟೂ, ಅಂಟೂ ಚರ್ಮಕ್ಕೆ ತಾಗಬಾರದು. ಆ ನೋಟವೇ ಬೇಕೆಂದರೆ ಬಿಳಿ ಹೊಸೈರಿ (ಬನಿಯನ್ ಥರದ) ಬಟ್ಟೆಯನ್ನು ಮೈಗೆ ಸುತ್ತಿ ಒಂದು ಭುಜ ಜಾರಿಸಿ ಹೊಲಿಸು, ಒಂದೂವರೆ ಮೀಟರ್ ಸಾಕು. ಸೂಜಿ ಮಾತ್ರ ಬಾಲ್‌ಪಾಯಿಂಟ್ ಆಗಿರಲಿ, ಮಾಮೂಲಿ ಸೂಜಿಗೆ ಹೊಸೈರಿಯ ಕುಣಿಕೆ ಹರಿದು ತೂತಾಗುತ್ತದೆ.

ಪ್ರಶ್ನೆ: ಸೆಪ್ಟೆಂಬರಿನಲ್ಲಿ ಬೇಸಿಗೆ ಬಟ್ಟೆ ತೋರಿಸುತ್ತಾರೆ ಯಾಕೆ? (ಮದ್ದೂರು)

ಉತ್ತರ: ಅಂಗಡಿಯವರು ನೋಡಿ, ಆರ್ಡರ್ ಕೊಟ್ಟು, ಹೊಲಿದು ಬರಲು ಆರು ತಿಂಗಳು ಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್ ಎಂಬ ಸಾಲಿನಲ್ಲಿ ನಡೆಯುವ ಷೋಗಳು ಮುಂದಿನ ವರ್ಷದ ಬೇಸಿಗೆಗೆ. ಫೆಬ್ರುವರಿ, ಮಾರ್ಚಿನವು ಚಳಿಗಾಲಕ್ಕೆ. ನಮ್ಮ ಕಡೆಯವರು ಸೆಪ್ಟೆಂಬರಿನದನ್ನು ನೋಡಿ ಬಟ್ಟೆ ಆರಿಸಿದರೆ ಫೆಬ್ರುವರಿಯ ಬಿಸಿಲಿಗೆ ಸರಿಯಾಗಿ ಕೈಗೆ ಬರುತ್ತದೆ. ಅಕ್ಟೋಬರಿನಲ್ಲಿ ಮಾತ್ರ ಟೈಲರುಗಳ ಹತ್ತಿರ ಹೋಗಬೇಡಿ, ದಸರಾ, ದೀಪಾವಳಿ ಬ್ಲೌಸುಗಳ ರಾಶಿಯಲ್ಲಿ ನಿಮ್ಮ ಸ್ಲಿಪ್ ಡ್ರೆಸ್ಸಿಗೆ ಎರಡು ದಿನ ತೂಗುವ ಭಾಗ್ಯ ಸಿಗುವುದಿಲ್ಲ.