ದಾವಣಗೆರೆಯಿಂದ 18 ವರ್ಷದ ತಂಗಿ ಓದಲು ಜೋಧಪುರಕ್ಕೆ ಹೋಗುತ್ತಿದ್ದಾಳೆ. ಊರು ಸುರಕ್ಷಿತವೇ?

ಊರಿಗೆ ಊರೇ ಒಳ್ಳೆಯದು, ಕೆಟ್ಟದ್ದು ಅಂತ ಇರುವುದಿಲ್ಲ. ಅಪರಾಧದ ಅಂಕಿ ನೋಡಿ ತೀರ್ಮಾನಿಸಬೇಡಿ. ಜನ ಧೈರ್ಯವಾಗಿ ದೂರು ಕೊಡುವ ಕಡೆ ಅಂಕಿ ಜಾಸ್ತಿಯೇ ಕಾಣುತ್ತದೆ. ಕಾಲೇಜು, ರೂಮು, ಇವೆರಡರ ನಡುವಿನ ದಾರಿ, ಇಷ್ಟು ನೋಡಿದರೆ ಸಾಕು. ರಾತ್ರಿ ಎಂಟೂವರೆಗೆ ಆ ದಾರಿಯಲ್ಲಿ ಒಮ್ಮೆ ನಡೆಯಿರಿ. ಅಂಗಡಿ ತೆಗೆದಿರುತ್ತವಾ, ಹೆಣ್ಣುಮಕ್ಕಳು ಓಡಾಡುತ್ತಾರಾ? ಅಲ್ಲಿ ಓದುತ್ತಿರುವ ಹುಡುಗಿಯರನ್ನು ಕೇಳಿ, ಬ್ರೋಕರನ್ನಲ್ಲ. ಘಂಟಾಘರ್ ಅನ್ನುವ ಗಡಿಯಾರ ಗೋಪುರದ ಸುತ್ತಲಿನ ಹಳೇ ಊರಿನಲ್ಲಿ ಪ್ರವಾಸಿಗರ ಬೆನ್ನು ಬೀಳುವವರಿದ್ದಾರೆ. ಅದು ಹೆಚ್ಚಾಗಿ ಕಿರಿಕಿರಿ, ಅಷ್ಟೇ.

ನಮ್ಮ ಕಡೆಯವರು ಸುಮ್ನೆ ಹಗುರವಾಗಿ ತೆಗೆದುಕೊಳ್ಳುವುದು ಬಿಸಿಲನ್ನು. ದಾವಣಗೆರೆ ಬೇಸಿಗೆ ಕಂಡವರಿಗೆ ಇನ್ನೇನು ಅನ್ನಿಸುತ್ತದೆ, ಅಲ್ವಾ? ಆದರೆ ಜೋಧಪುರದ ಆಚೆಯ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ದಾಖಲಾಗಿತ್ತು. ಒಣಗಾಳಿಗೆ ಬೆವರು ಮೈಮೇಲೆಯೇ ಆರಿಬಿಡುತ್ತದೆ. ದೇಹದ ನೀರು ಕಡಿಮೆಯಾಗಿದ್ದು ಗೊತ್ತೇ ಆಗುವುದಿಲ್ಲ. ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು, ಬ್ಯಾಗಿನಲ್ಲಿ ಓಆರ್‌ಎಸ್ ಇರಲಿ. ಬಿಸಿಲಲ್ಲಿ ಮಾತು ತೊದಲಿದರೆ, ಮಂಕು ಕವಿದರೆ ಮನೆಮದ್ದು ಬೇಡ, ಸೀದಾ ಆಸ್ಪತ್ರೆ.

ಊರಿನ ಕುಡಿಯುವ ನೀರು ಬರುವುದು ಇಂದಿರಾ ಗಾಂಧಿ ಕಾಲುವೆಯಿಂದ. ಬೇಸಿಗೆಯಲ್ಲಿ ರಿಪೇರಿಗೆಂದು ಕಾಲುವೆ ನಿಲ್ಲಿಸಿದಾಗ ನಲ್ಲಿ ನೀರಿಗೂ ಕಡಿತ ಬೀಳುತ್ತದೆ. ಹಾಗಾಗಿ ಪೀಜಿಯಲ್ಲಿ ಬಾಡಿಗೆಗಿಂತ ಮೊದಲು ಟ್ಯಾಂಕ್ ಎಷ್ಟು ದೊಡ್ಡದು, ಕೂಲರ್ ಇದೆಯಾ ಅಂತ ವಿಚಾರಿಸಿ. ಜನವರಿ ರಾತ್ರಿಗೆ ದಪ್ಪ ಸ್ವೆಟರ್ ಬೇಕು. ತುರ್ತಿಗೆ ಅಲ್ಲೂ 112.

ಹುಬ್ಬಳ್ಳಿ ಮಾರ್ಗದ ಬೆಂಗಳೂರು–ಜೋಧಪುರ ರೈಲು ದಾವಣಗೆರೆ ಮೇಲೆಯೇ ಹೋಗುತ್ತದೆ. ಮೊದಲ ಸಲ ಮನೆಯವರು ಯಾರಾದರೂ ಜೊತೆಗೆ ಹೋಗಿ, ನಾಲ್ಕು ದಿನ ಇದ್ದು ಬನ್ನಿ.